ಸಿಂಗಪುರಕ್ಕೆ ಹೊಸದಾಗಿ ಬಂದವರಿಗೆ: ಎಲ್ಲಿ ಏನು ತಿನ್ನಬೇಕು

ಇಲ್ಲಿ ಹೊಸದಾಗಿ ಬಂದ ಕನ್ನಡದವರು ಸಿಕ್ಕಾಗ ಎರಡನೇ ಮಾತೇ ಊಟದ್ದು. "ನಮ್ಮ ಕಡೆ ತಿಂಡಿ ಎಲ್ಲಿ ಸಿಗುತ್ತೆ?" ವರ್ಕ್ ಪಾಸ್, ಬ್ಯಾಂಕ್ ಖಾತೆ, ಸಿಮ್ ಕಾರ್ಡ್ ಎಲ್ಲ ಆಫೀಸಿನವರು ಹೇಳಿದ ಹಾಗೆ ಮಾಡಿದರೆ ಮುಗಿಯುತ್ತದೆ, ಅದನ್ನು ಬಿಡಿ. ಊಟದ ಬಗ್ಗೆ ಬರೆಯುತ್ತೇನೆ. ಮೊದಲ ವರ್ಷ ಊರು ಬಿಟ್ಟು ಬಂದ ಬೇಜಾರು ಜಾಸ್ತಿ ಕಾಡುವುದು ಊಟದ ಹೊತ್ತಿಗೇ ಅಲ್ವಾ?

ನಮ್ಮ ಮನೆಯಲ್ಲಿ ನಾನು ಸಸ್ಯಾಹಾರಿ. ನಮ್ಮ ಯಜಮಾನರು ಉಡುಪಿ ಕಡೆಯವರು, ಮೀನಿಲ್ಲದೆ ಅವರಿಗೆ ಊಟ ಸೇರುವುದಿಲ್ಲ. ಹಾಗಾಗಿ ಎರಡೂ ಥರದವರಿಗೆ ನಾಲ್ಕು ಮಾತು ಹೇಳಬಲ್ಲೆ.

ಮೊದಲು ಲಿಟಲ್ ಇಂಡಿಯಾ. ಸೆರಂಗೂನ್ ರಸ್ತೆಯ ಕೋಮಳ ವಿಲಾಸ್ 1947ರಿಂದ ಇದೆ. ಆನಂದ ಭವನ್ ಅದಕ್ಕೂ ಹಳೆಯದು, 1924ರದ್ದು. ಎರಡೂ ತಮಿಳರ ಕೈರುಚಿ. ಸಾಂಬಾರಿನಲ್ಲಿ ಬೆಲ್ಲ ಹುಡುಕಬೇಡಿ. ಅದೇ ರಸ್ತೆಯಲ್ಲಿ ಮುಂದೆ ನಡೆದರೆ ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಹತ್ತಿರ ಎಂ.ಟಿ.ಆರ್. ಸಿಗುತ್ತದೆ. ಲಾಲ್‌ಬಾಗ್ ರಸ್ತೆಯ ಅದೇ ಎಂ.ಟಿ.ಆರ್., ಇಲ್ಲಿಗೆ ಬಂದದ್ದು 2013ರಲ್ಲಿ. ಅಲ್ಲಿಗೆ ಹೋದರೆ ರವೆ ಇಡ್ಲಿ ತಿನ್ನಿ. ಬಿಸಿ ಇಡ್ಲಿ ಮುರಿದು, ತುಪ್ಪ ಹಾಕಿ, ಅದು ಒಳಗೆ ಇಳಿಯುವವರೆಗೆ ಒಂದು ನಿಮಿಷ ಸುಮ್ನೆ ಕೂತಿರಿ. ಆಮೇಲೆ ಸಾಗು.

ಈ ಇಡ್ಲಿಗೂ ಈ ಊರಿಗೂ ಒಂದು ನಂಟಿದೆ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಬರ್ಮಾವನ್ನು ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಬೆಂಗಳೂರಿನಲ್ಲಿ ಅಕ್ಕಿಗೆ ಬರ ಬಂತು, ಆಗ ರವೆಯಲ್ಲೇ ಇಡ್ಲಿ ಮಾಡಿದೆವು ಎನ್ನುತ್ತಾರೆ ಎಂ.ಟಿ.ಆರ್.ನವರು. ಅದೇ ಯುದ್ಧದಲ್ಲಿ, 1942ರ ಫೆಬ್ರವರಿ 15ರಂದು ಸಿಂಗಪುರವೂ ಜಪಾನಿನ ಕೈಗೆ ಹೋಯಿತು. ಇಲ್ಲಿಯ ಜನ ಮರಗೆಣಸು, ಸಿಹಿಗೆಣಸು ತಿಂದು ಮೂರೂವರೆ ವರ್ಷ ಕಳೆದರು. ನಮ್ಮ ಬ್ಲಾಕಿನ ಚೀನಿ ಅಜ್ಜಿಗೆ ಇವತ್ತಿಗೂ ಮರಗೆಣಸು ಕಂಡರೆ ಆಗುವುದಿಲ್ಲ. ಅವರನ್ನು ಎಂ.ಟಿ.ಆರ್.ಗೆ ಕರೆದುಕೊಂಡು ಹೋಗಿ ಈ ಕತೆ ಹೇಳಿದೆ. ಎರಡು ಇಡ್ಲಿ ತಿಂದು ಇನ್ನೊಂದು ಪ್ಲೇಟ್ ಕಟ್ಟಿಸಿಕೊಂಡರು.

ಆದರೆ ಪ್ರತಿ ವಾರವೂ ರೈಲು ಹತ್ತಿ ಲಿಟಲ್ ಇಂಡಿಯಾಗೇ ಹೋಗಬೇಡಿ. ವರ್ಷಗಟ್ಟಲೆ ಇದ್ದರೂ ಮನೆ ಹತ್ತಿರದ, ಸಣ್ಣ ಸಣ್ಣ ಊಟದಂಗಡಿಗಳೆಲ್ಲ ಒಂದೇ ಸೂರಿನಡಿ ಇರುವ ಹಾಕರ್ ಸೆಂಟರ್‌ನಲ್ಲಿ ಒಂದು ದಿನವೂ ಕೂರದ ಕುಟುಂಬಗಳಿವೆ. ನೋಡಿದರೆ ಸಂಕಟವಾಗುತ್ತದೆ. ಈ ಊರಿನ ಜನ ಒಟ್ಟಿಗೆ ಕೂತು ಉಣ್ಣುವ ಜಾಗ ಅದು. ಇಲ್ಲಿಯ ಹಾಕರ್ ಸಂಸ್ಕೃತಿ 2020ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೂ ಸೇರಿದೆ. ಐದಾರು ಡಾಲರ್‌ನಲ್ಲಿ ಹೊಟ್ಟೆ ತುಂಬುತ್ತದೆ. ದೊಡ್ಡ ಹೋಟೆಲುಗಳ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ ಬಿಲ್ಲಿಗೆ ಸರ್ವಿಸ್ ಚಾರ್ಜ್, ಜಿ.ಎಸ್.ಟಿ. ಎರಡೂ ಸೇರುತ್ತವೆ. ಹಾಕರ್ ಸೆಂಟರ್‌ನಲ್ಲಿ ಆ ತಾಪತ್ರಯವಿಲ್ಲ.

ಖಾಲಿ ಟೇಬಲ್ ಮೇಲೆ ಟಿಶ್ಯೂ ಪೊಟ್ಟಣ ಕಂಡರೆ ಅಲ್ಲಿ ಕೂರಬೇಡಿ, ಯಾರೋ ಜಾಗ ಹಿಡಿದಿದ್ದಾರೆ ಅಂತ ಅರ್ಥ. ಉಂಡಾದ ಮೇಲೆ ತಟ್ಟೆ ನೀವೇ ವಾಪಸ್ ಇಡಬೇಕು. 2021ರ ಸೆಪ್ಟೆಂಬರ್‌ನಿಂದ ಅದು ಕಡ್ಡಾಯ. ಹಲಾಲ್ ತಟ್ಟೆಗಳಿಗೆ ಬೇರೆ ಕಪಾಟು ಇರುತ್ತದೆ, ನೋಡಿ ಇಡಿ. ಅಂಗಡಿಯವರನ್ನು ಅಂಕಲ್, ಆಂಟಿ ಎಂದೇ ಕರೆಯುವುದು ಇಲ್ಲಿಯ ರೂಢಿ. ನಮಗಂತೂ ಹೇಳಿಕೊಡಬೇಕಾಗಿಲ್ಲ.

ಸಸ್ಯಾಹಾರಿಗಳು ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. "ನೋ ಮೀಟ್" ಎಂದರೆ ಸಾಲದು. ಲಕ್ಸಾ ಎನ್ನುವ ತೆಂಗಿನಹಾಲಿನ ನೂಡಲ್ಸ್‌ನ ಗೊಜ್ಜಿಗೆ ಒಣ ಸೀಗಡಿ ಅರೆದಿರುತ್ತಾರೆ. ಸಂಬಲ್ ಎನ್ನುವ ಕೆಂಪು ಚಟ್ನಿಯಲ್ಲಿ ಬೆಲಾಚಾನ್ ಇರುತ್ತದೆ, ಅದೂ ಸೀಗಡಿಯದೇ. ನೂಡಲ್ಸ್ ಹುರಿಯಲು ಹಂದಿ ಕೊಬ್ಬು ಬಳಸುವ ಅಂಗಡಿಗಳೂ ಇವೆ. ತರಕಾರಿ ಸೂಪಿನ ನೀರು ಮೂಳೆ ಬೇಯಿಸಿದ ನೀರೇ ಆಗಿರಬಹುದು. ಇದನ್ನೆಲ್ಲ ಕೇಳಿ ಹೆದರಿಕೊಂಡು ಮನೆಯಲ್ಲೇ ಕೂರಬೇಡಿ. ಚೀನಿಯರದೇ ಶುದ್ಧ ಸಸ್ಯಾಹಾರದ ಅಂಗಡಿಗಳು ಬಹಳಷ್ಟು ಹಾಕರ್ ಸೆಂಟರ್‌ಗಳಲ್ಲಿ ಇವೆ. ಬೌದ್ಧರ ಪದ್ಧತಿಯ ಅಡುಗೆ, ಹೆಚ್ಚಿನ ಕಡೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಮೊಟ್ಟೆ ಮಾತ್ರ ಕೇಳಿಕೊಳ್ಳಿ. ಚಾಂದ್ರಮಾನದ ತಿಂಗಳಿನ ಮೊದಲನೇ ದಿನ, ಹದಿನೈದನೇ ದಿನ ಅಲ್ಲಿ ಸಾಲು ಉದ್ದ. ನಮ್ಮವರ ಏಕಾದಶಿಯ ಹಾಗೆ ಅವತ್ತು ತುಂಬಾ ಜನ ಮಾಂಸ ಬಿಡುತ್ತಾರೆ.

ಇಂಥ ಅಂಗಡಿಗಳು ಒಂದೇ ಕಡೆ ಬೇಕೆಂದರೆ ಬುಗಿಸ್ ಹತ್ತಿರದ ಫಾರ್ಚೂನ್ ಸೆಂಟರ್‌ಗೆ ಹೋಗಿ. ನಮ್ಮಮ್ಮ ಬೆಂಗಳೂರಿನಿಂದ ಬಂದಾಗ ಅಲ್ಲಿಗೇ ಕರೆದುಕೊಂಡು ಹೋಗಿದ್ದೆ. ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ಅವರು ಹೊರಗಡೆ ನೆಮ್ಮದಿಯಾಗಿ ಕೂತು ಬಿಸಿ ಬಿಸಿ ಊಟ ಮಾಡಿದ್ದು ಕಂಡು ನನಗೆ ಎಷ್ಟು ಸಮಾಧಾನವಾಯಿತು ಅಂದರೆ! ಊಟಕ್ಕೆ ಹೋಗುವ ಮೊದಲು ಅಲ್ಲೇ ಹತ್ತಿರದ ವಾಟರ್ಲೂ ಸ್ಟ್ರೀಟ್‌ನಲ್ಲಿ ಚೀನಿಯರ ದೇವತೆ ಕ್ವಾನ್ ಇಮ್ ಗುಡಿಯನ್ನೂ ಅದರ ಪಕ್ಕದ ಕೃಷ್ಣನ ಗುಡಿಯನ್ನೂ ನೋಡಿ. ಕೃಷ್ಣನ ಮುಂದೆ ಚೀನಿಯರು ಊದುಬತ್ತಿ ಹಿಡಿದು ನಿಂತಿರುತ್ತಾರೆ.

ಮೀನು ತಿನ್ನುವವರು ರೇಸ್ ಕೋರ್ಸ್ ರಸ್ತೆಗೆ ಹೋಗಿ. ಮುತ್ತೂಸ್ ಕರಿ 1969ರಿಂದ, ಬನಾನಾ ಲೀಫ್ ಅಪೊಲೊ 1974ರಿಂದ ಇವೆ. ಮೀನಿನ ತಲೆಯ ಸಾರಿಗೆ ಹೆಸರುವಾಸಿ. ಹಾಕರ್ ಸೆಂಟರ್‌ನಲ್ಲಿ ಬಾಳೆ ಎಲೆಯ ಮೇಲೆ ಸುಟ್ಟು ಸಂಬಲ್ ಮೆತ್ತಿದ ತೊರಕೆ ಮೀನನ್ನೂ ಬಿಡಬೇಡಿ ಎನ್ನುತ್ತಾರೆ ನಮ್ಮ ಯಜಮಾನರು.

ಕಾಫಿ ವಿಷಯ. ಇಲ್ಲಿಯ ಕಾಫಿ ಬೀಜವನ್ನು ಸಕ್ಕರೆ, ಬೆಣ್ಣೆ ಅಥವಾ ಮಾರ್ಗರಿನ್ ಹಾಕಿ ಹುರಿಯುವುದು ಹಳೇ ಪದ್ಧತಿ, ಉದ್ದನೆಯ ಬಟ್ಟೆ ಚೀಲದಲ್ಲಿ ಸೋಸುತ್ತಾರೆ. ಬರೀ "ಕೋಪಿ" ಎಂದರೆ ಕಂಡೆನ್ಸ್ಡ್ ಮಿಲ್ಕ್ ಹಾಕಿ ಕೊಡುತ್ತಾರೆ, ತುಂಬಾ ಸಿಹಿ. "ಕೋಪಿ ಸಿ, ಸ್ಯೂ ದಾಯ್" ಎಂದು ಕೇಳಿ. ಸಿಹಿ ಇಲ್ಲದ ಗಟ್ಟಿ ಹಾಲು, ಸಕ್ಕರೆ ಕಮ್ಮಿ. ನಮ್ಮ ಫಿಲ್ಟರ್ ಕಾಫಿಗೆ ಹತ್ತಿರ ಬರುವುದು ಅದೊಂದೇ. ಕೆಲವು ಕಡೆ ಪುಟು ಮಾಯಂ ಸಿಗುತ್ತದೆ. ನಮ್ಮ ಒತ್ತು ಶ್ಯಾವಿಗೆಯೇ, ತೆಂಗಿನತುರಿ ಮತ್ತು ಸಕ್ಕರೆ ಜೊತೆ ಕೊಡುತ್ತಾರೆ. ಮಕ್ಕಳಿಗೆ ಖಂಡಿತ ಕೊಡಿಸಿ.

ಮಕ್ಕಳ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಇಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಮಾತೃಭಾಷೆ ಎಂದು ಕಲಿಸುವ ಭಾಷೆಗಳಲ್ಲಿ ತಮಿಳು, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ. ಕನ್ನಡ ಇಲ್ಲ. ನನ್ನ ಮಗಳು ಮ್ಯಾಂಡರಿನ್ ತೆಗೆದುಕೊಂಡಳು. ಅವತ್ತು ಫಾರ್ಚೂನ್ ಸೆಂಟರ್‌ನಲ್ಲಿ ಮೊಟ್ಟೆ ಬೇಡ ಎಂದು ಅಂಗಡಿಯವರಿಗೆ ಚೀನಿ ಭಾಷೆಯಲ್ಲಿ ಹೇಳಿದವಳು ಅವಳೇ. ಅಜ್ಜಿಗೆ ಹೆಮ್ಮೆಯೋ ಹೆಮ್ಮೆ. ನನಗೂ ಹೆಮ್ಮೆಯೇ. ಆದರೆ ಅದೇ ಮಗಳಿಗೆ ಅಜ್ಜಿ ಊರಿನಿಂದ ಬರೆದು ಕಳಿಸಿದ ಹುಟ್ಟುಹಬ್ಬದ ಕಾಗದ ಓದಲು ಬರುವುದಿಲ್ಲ. ಈ ನೋವು ಇನ್ನೂ ಇದೆ. ಆದ್ದರಿಂದ ಮನೆಯಲ್ಲಿ ನಿಮ್ಮ ಮಕ್ಕಳಿಗೆ ಅಕ್ಷರ ಕಲಿಸುವುದನ್ನು ಮುಂದೂಡಬೇಡಿ. ಎಂ.ಟಿ.ಆರ್.ಗೆ ಹೋದಾಗ ಪಕ್ಕದ ಟೇಬಲ್‌ನಲ್ಲಿ ಕನ್ನಡ ಕೇಳಿಸಿದರೆ ಸಂಕೋಚ ಬಿಟ್ಟು ಮಾತಾಡಿಸಿ, ನಿಮ್ಮ ಮಕ್ಕಳ ವಯಸ್ಸಿನ ಮಕ್ಕಳಿದ್ದರೆ ಫೋನ್ ನಂಬರ್ ತೆಗೆದುಕೊಳ್ಳಿ. ನನಗೆ ಇಲ್ಲಿ ಸಿಕ್ಕ ಒಳ್ಳೆಯ ಗೆಳತಿಯರಲ್ಲಿ ಇಬ್ಬರು ಹಾಗೆ ಸಿಕ್ಕವರು. ಭಾನುವಾರ ಹೋಗುವುದಾದರೆ ಬೆಳಿಗ್ಗೆ ಬೇಗ ಹೊರಡಿ, ತಡವಾದರೆ ಟೇಬಲ್‌ಗೆ ಕಾಯಬೇಕಾಗುತ್ತದೆ.