ವಯಸ್ಸಾದವರ ಲ್ಯುಕೇಮಿಯಾ: ಮಾತ್ರೆ ನಿಲ್ಲಿಸುವುದನ್ನು ನಾನು ಕಲಿತ ಬಗೆ

ವಯಸ್ಸಾದವರಿಗೆ ಎಎಂಎಲ್ (ವೇಗವಾಗಿ ಬೆಳೆಯುವ ಒಂದು ಬಗೆಯ ರಕ್ತ ಕ್ಯಾನ್ಸರ್) ಅಂತ ರಿಪೋರ್ಟ್ ಬಂದಾಗ ನಾನು ಮೊದಲು ನೋಡುವುದು ಅವರ ನಡಿಗೆ. ಬಾಗಿಲಿಂದ ಕುರ್ಚಿವರೆಗೆ ಹೇಗೆ ಬಂದರು, ಗೋಡೆ ಹಿಡಿದರಾ, ಕೂತ ಮೇಲೆ ಏದುಸಿರು ಬಂತಾ. ಆಮೇಲೆ ಮನೆಯವರನ್ನು ಕೇಳುತ್ತೇನೆ, ಎರಡು ತಿಂಗಳ ಹಿಂದೆ ಹೇಗಿದ್ದರು ಅಂತ. ಯಾಕಂದರೆ ಎಷ್ಟೋ ಸಲ ಅವರನ್ನು ಮಲಗಿಸಿರುವುದು ವಯಸ್ಸಲ್ಲ, ಈ ಕಾಯಿಲೆಯೇ.

ಏಳು ದಿನ ಸೈಟರಬಿನ್, ಅದರಲ್ಲಿ ಮೂರು ದಿನ ಇನ್ನೊಂದು ಔಷಧಿ, ಹೀಗೆ ಕೊಡುವ ಜೋರು ಕೀಮೋ 75 ದಾಟಿದವರಲ್ಲಿ ಹೆಚ್ಚಿನವರಿಗೆ ತಡೆಯುವುದಿಲ್ಲ. ನಾನು ಜಾಸ್ತಿ ಕೊಡುವುದು ಅಜಾಸಿಟಿಡಿನ್ ಇಂಜೆಕ್ಷನ್, ಜೊತೆಗೆ ವೆನೆಟೊಕ್ಲ್ಯಾಕ್ಸ್ ಮಾತ್ರೆ. 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಎರಡನ್ನೂ ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನ 14.7 ತಿಂಗಳು ದಾಟಿ ಬದುಕಿದರು, ಬರೀ ಅಜಾಸಿಟಿಡಿನ್ ಪಡೆದವರಲ್ಲಿ ಅದು 9.6 ತಿಂಗಳು. ಈ ಅಂಕಿಯನ್ನು ಕೇಳಿದವರಿಗೆ ಮುಚ್ಚಿಡದೆ ಹೇಳುತ್ತೇನೆ.

ಮಾತ್ರೆಯನ್ನು ಮೊದಲ ದಿನ 100, ಎರಡನೇ ದಿನ 200, ಮೂರನೇ ದಿನ 400 ಮಿಲಿಗ್ರಾಂ ಹೀಗೆ ಏರಿಸುತ್ತೇವೆ. ಬಿಳಿ ರಕ್ತಕಣ 25,000ಕ್ಕಿಂತ ಕೆಳಗಿಳಿಸಿಕೊಂಡೇ ಶುರು. ಕ್ಯಾನ್ಸರ್ ಕಣಗಳು ಒಟ್ಟಿಗೆ ಒಡೆದರೆ ಪೊಟ್ಯಾಸಿಯಂ, ಯೂರಿಕ್ ಆಸಿಡ್ ಏರಿ ಕಿಡ್ನಿಗೆ ಏಟು ಬೀಳುತ್ತದೆ. ಫಂಗಸ್ ತಡೆಯುವ ಪೊಸಕೊನಜೋಲ್ ಜೊತೆಗಿದ್ದರಂತೂ ಮಾತ್ರೆಯ ಡೋಸ್ ತುಂಬಾನೇ ಇಳಿಸಬೇಕು.

ನಾನು ತಪ್ಪಿದ್ದು ಇಲ್ಲಲ್ಲ, ಮೊದಲ ಸುತ್ತು ಮುಗಿದ ಮೇಲೆ. ಒಬ್ಬ ಅಜ್ಜಿಗೆ ಬೋನ್ ಮ್ಯಾರೋ (ರಕ್ತಕಣ ಹುಟ್ಟುವ ಮೂಳೆ ಮಜ್ಜೆ) ಪರೀಕ್ಷೆಯಲ್ಲಿ ಕ್ಯಾನ್ಸರ್ ಕಣ 5%ಕ್ಕಿಂತ ಕೆಳಗಿಳಿದಿತ್ತು, ಎಲ್ಲರಿಗೂ ಖುಷಿ. ಕೌಂಟ್, ಅಂದರೆ ಒಳ್ಳೆಯ ರಕ್ತಕಣಗಳ ಸಂಖ್ಯೆ, ಇನ್ನೂ ಮೇಲೆ ಬಂದಿರಲಿಲ್ಲ. ಬಿಟ್ಟರೆ ಕಾಯಿಲೆ ಮರಳೀತು ಅನ್ನುವ ಭಯಕ್ಕೆ ನಾನು ಎರಡನೇ ಸುತ್ತು ಶುರು ಮಾಡಿಬಿಟ್ಟೆ. ಹತ್ತನೇ ದಿನ ಚಳಿಜ್ವರ, ರಕ್ತಸ್ರಾವ ತಡೆಯುವ ಪ್ಲೇಟ್‌ಲೆಟ್ ಕಣ 10,000ಕ್ಕಿಂತ ಕೆಳಗೆ, ಕೈ ಮೇಲೆಲ್ಲ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕಿ. ಮೂರು ವಾರ ಆಸ್ಪತ್ರೆಯಲ್ಲೇ ಕಳೆದರು. "ಕಾಯಿಲೆ ಹೋಯ್ತು ಅಂದ್ರಲ್ಲ ಡಾಕ್ಟ್ರೇ, ಮತ್ತೆ ಯಾಕೆ ಹೀಗೆ?" ಅಂತ ಅವರು ಕೇಳಿದಾಗ ನನ್ನ ಆತುರದಿಂದ ಅಂತಲೇ ಹೇಳಿದೆ.

ಈಗ ಮ್ಯಾರೋ ಸ್ವಚ್ಛ ಇದ್ದರೆ ಮಾತ್ರೆ ನಿಲ್ಲಿಸಿ ಕೌಂಟ್ ಏರುವವರೆಗೆ ಕಾಯುತ್ತೇನೆ, ಒಂದು ವಾರವೋ ಎರಡೋ. ಮುಂದಿನ ಸುತ್ತಿನಲ್ಲಿ ಮಾತ್ರೆ 28 ದಿನದ ಬದಲು 21, ಬೇಕಾದರೆ 14 ದಿನ ಸಾಕು. ಆ ಅಜ್ಜಿಗೂ ಆಮೇಲೆ ಹೀಗೇ ಕೊಟ್ಟೆ, ತಡೆದುಕೊಂಡರು.

ಇನ್ನೊಂದು ಮಾತು ಮನೆಯವರಿಗೆ. ಥರ್ಮಾಮೀಟರ್ ಕೈಗೆ ಸಿಗುವ ಕಡೆ ಇಟ್ಟಿರಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗ್ಗೆವರೆಗೆ ನೋಡೋಣ ಅನ್ನಬೇಡಿ, ಮಧ್ಯರಾತ್ರಿ ಆದರೂ ಸರಿ, ಆಗಲೇ ಹೊರಡಿ.