ಮತದಾನದ ಸಂಜೆಯ ಮೊಹಿಟೊ

ನನ್ನ ಮೊದಲ ಮೊಹಿಟೊ ನೋಡಿ ಗೆಳತಿ ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಕಾಯಿ ಹಾಕೋದು ಮರೆತ್ಯೇನೇ?"

ಮೊಹಿಟೊ ಅಂದರೆ ಪುದೀನ, ನಿಂಬೆ, ಸಕ್ಕರೆಗೆ ರಮ್, ಸೋಡಾ ಬೆರೆಸಿ ಕುಡಿಯುವ ತಂಪು ಪಾನೀಯ. ಪುದೀನ, ನಿಂಬೆರಸ, ಸಕ್ಕರೆ ಮೂರನ್ನೂ ಮಿಕ್ಸಿ ಜಾರಿಗೆ ಹಾಕಿ ಎರಡು ಸುತ್ತು ತಿರುಗಿಸಿದ್ದೆ. ಬಂದದ್ದು ಅಚ್ಚ ಹಸಿರು ಚಟ್ನಿ. ಮೇಲೆ ರಮ್ ಸುರಿದರೂ ಸೋಡಾ ಸುರಿದರೂ ಅದು ಚಟ್ನಿಯೇ. ಹಲ್ಲಿನ ಸಂದಿಯಲ್ಲಿ ಸೊಪ್ಪು, ನಾಲಿಗೆಯ ಬುಡದಲ್ಲಿ ಕಹಿ. ಇದಾದ ಮೇಲೆ ಎರಡು ಬೇಸಿಗೆ ನಾನು ಆ ಕಡೆ ತಲೆ ಹಾಕಲಿಲ್ಲ. ಬಂದವರಿಗೆ ಬಿಯರ್, ಬೇಡವೆಂದವರಿಗೆ ಮಜ್ಜಿಗೆ.

ಮತ್ತೆ ಕೈ ಹಾಕಿದ್ದು 2024ರ ಏಪ್ರಿಲ್ 26ರಂದು. ಬೆಂಗಳೂರಿನಲ್ಲಿ ಲೋಕಸಭೆ ಚುನಾವಣೆಯ ಮತದಾನ, ಶುಕ್ರವಾರ, ರಜೆ. ಪುಣೆ, ಹೈದರಾಬಾದಿನಲ್ಲಿದ್ದ ಸ್ನೇಹಿತರು ವೋಟು ಹಾಕಲೆಂದು ಊರಿಗೆ ಬಂದಿದ್ದರು. ಸಂಜೆ ನಮ್ಮ ಟೆರೇಸಿನಲ್ಲಿ ಸೇರುವುದೆಂದು ಮಾತಾಯಿತು. ಒಟ್ಟು ಹದಿನಾಲ್ಕು ಜನ. ಯಾರಿಗೂ ಹೊಳೆಯದ ವಿಷಯವೆಂದರೆ, 24ರ ಸಂಜೆಯಿಂದಲೇ ಮದ್ಯದಂಗಡಿಗಳು ಬಾಗಿಲು ಹಾಕಿದ್ದವು. ಶುಕ್ರವಾರವೂ ತೆರೆಯುವ ಹಾಗಿರಲಿಲ್ಲ. ಮನೆಯಲ್ಲಿ ಇದ್ದದ್ದು ಒಂದೇ ಬಾಟಲಿ ಬಿಳಿ ರಮ್, ಅದೂ ತೆರೆದದ್ದು. ಅಳೆದು ನೋಡಿದೆ, 500 ಮಿಲಿಗೆ ತುಸು ಕಮ್ಮಿ. ಒಂದು ಲೋಟಕ್ಕೆ ವಾಡಿಕೆಯ 45 ಮಿಲಿ ಹಾಕಿದರೆ ಹತ್ತು ಲೋಟಕ್ಕೆ ಮುಗಿಯಿತು.

ಆ ಬಾಟಲಿಯದೇ ಒಂದು ಕಥೆ. ಅದು ಬಕಾರ್ಡಿ ಕಂಪನಿಯ ರಮ್. ಕಂಪನಿ ಹುಟ್ಟಿದ್ದು 1862ರಲ್ಲಿ, ಕ್ಯೂಬಾದ ಸಾಂಟಿಯಾಗೊ ಊರಿನಲ್ಲಿ. ಮೊಹಿಟೊ ಕೂಡ ಕ್ಯೂಬಾದ್ದೇ. ಕಬ್ಬಿನ ನಾಡು, ಕಾಕಂಬಿಗೆ ಬರವಿಲ್ಲ, ಕಾಕಂಬಿಯಿಂದ ರಮ್. 1960ರಲ್ಲಿ ಅಲ್ಲಿನ ಕ್ರಾಂತಿ ಸರ್ಕಾರ ಆಸ್ತಿಯನ್ನೆಲ್ಲ ವಶಕ್ಕೆ ತೆಗೆದುಕೊಂಡಿತು, ಕಂಪನಿ ದೇಶ ಬಿಟ್ಟಿತು. ನನ್ನ ಬಾಟಲಿಯ ಲೇಬಲಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಊರು ನಂಜನಗೂಡು. ರಸಬಾಳೆಯ ಊರು! ಅಂದಹಾಗೆ ಸ್ಪ್ಯಾನಿಷ್ ಮಂದಿ ಈ ಪಾನೀಯವನ್ನು ಮೊಹಿಟೊ ಎನ್ನುತ್ತಾರೆ. ನಮ್ಮ ಹೋಟೆಲುಗಳ ಮೆನುವಿನಲ್ಲಿ ಅದು ಮೊಜಿಟೊ. ವೇಟರ್ ಬಳಿ 'ಮೊಹಿಟೊ' ಎಂದು ಕೇಳಿ ಅವರು ಕಕ್ಕಾಬಿಕ್ಕಿಯಾದ ಮೇಲೆ ನಾನೂ ಹೊರಗೆ ಹೋದಾಗ ಮೊಜಿಟೊ ಅಂತಲೇ ಕೇಳುವುದು.

ರಮ್ ಕಮ್ಮಿಯಿದ್ದುದೇ ಒಳ್ಳೆಯದಾಯಿತು. ರಮ್ಮಿಲ್ಲದೆಯೂ ಕುಡಿಯುವ ಹಾಗಿರಬೇಕು, ಅಷ್ಟು ರುಚಿಯಾಗಿ ಮೊದಲು ಬುಡ ಕಟ್ಟಬೇಕು ಎಂದು ತಲೆಗೆ ಬಂದದ್ದು ಆಗಲೇ. ರಮ್ಮಿಲ್ಲದ ಮೊಹಿಟೊ ಅಂದರೆ ಏನು? ನಿಂಬೆ, ಸಿಹಿ, ಸೊಪ್ಪಿನ ಘಮ, ನೀರು. ಒಂಬತ್ತು ದಿನದ ಹಿಂದೆ, ರಾಮನವಮಿಯಂದು, ಇದೇ ಅಡುಗೆಮನೆಯಲ್ಲಿ ಅತ್ತೆ ಒಂದು ಕೊಳಗ ಪಾನಕ ಮಾಡಿ ಬೀದಿಗೆಲ್ಲ ಹಂಚಿದ್ದರು.

ಅವರನ್ನೇ ಕೇಳಿದೆ. ಯಾವುದಕ್ಕೆ ಅಂತ ಅವರು ಕೇಳಲಿಲ್ಲ. ಗೊತ್ತಿತ್ತು, ಗೊತ್ತಿಲ್ಲದಂತಿದ್ದರು.

"ನೀರು ಕೊನೆಗೆ ಕಣಮ್ಮ," ಅಂದರು. "ಮೊದಲು ಗಟ್ಟಿಯಾಗಿ ಕಲಸ್ಕೊ. ಬಾಯಿಗಿಟ್ಟರೆ ಮುಖ ಕಿವುಚೋ ಹಾಗೆ ಹುಳಿಯಿರಲಿ, ಅಷ್ಟೇ ಸಿಹಿಯಿರಲಿ. ಆಮೇಲೆ ನೀರು."

ಹಾಗೇ ಮಾಡಿದೆ. ಅರ್ಧ ಕಿಲೊ ಸಕ್ಕರೆಗೆ ಅರ್ಧ ಲೀಟರ್ ನೀರು, ಕರಗುವಷ್ಟು ಮಾತ್ರ ಬಿಸಿ. ಎಳೆಪಾಕ ಬರಿಸಬಾರದು, ಅದು ಮಿಠಾಯಿಗೆ. ಆರಿದಾಗ ಸುಮಾರು 800 ಮಿಲಿ ಆಯಿತು. ಕ್ಯೂಬಾದವರು ಹರಳು ಸಕ್ಕರೆಯನ್ನೇ ಲೋಟಕ್ಕೆ ಹಾಕಿ ಸೊಪ್ಪಿನ ಜೊತೆ ಅದುಮುತ್ತಾರೆ. ಒಂದು ಲೋಟಕ್ಕಾದರೆ ಅದೂ ಸರಿ. ಹದಿನಾಲ್ಕು ಜನಕ್ಕೆ ಮಾಡುವಾಗ ತಣ್ಣಗಿನ ರಸದಲ್ಲಿ ಸಕ್ಕರೆ ಕರಗದೆ ತಳದಲ್ಲಿ ಕೂರುತ್ತದೆ, ಕೊನೆಯ ಗುಟುಕು ಕುಡಿದವರ ಬಾಯಲ್ಲಿ ಕರಕರ.

ನಿಂಬೆಯದು ದೊಡ್ಡ ಖರ್ಚು. ಆ ಏಪ್ರಿಲ್‌ನಲ್ಲಿ ನಮ್ಮ ಬೀದಿಯ ಗಾಡಿಯಲ್ಲಿ ಒಂದಕ್ಕೆ 8 ರೂಪಾಯಿ. ನಮ್ಮ ಸಣ್ಣ ತೆಳುಸಿಪ್ಪೆಯ ನಿಂಬೆಯಿಂದ ಹೆಚ್ಚೆಂದರೆ 15 ಮಿಲಿ ರಸ ಬರುತ್ತದೆ, ಲೋಟಕ್ಕೆ 20 ಮಿಲಿ ಬೇಕು. ಮೂವತ್ತು ಲೋಟಕ್ಕೆ 600 ಮಿಲಿ, ಅಂದರೆ ನಲವತ್ತು ಹಣ್ಣು. ಬಿಸಿನೀರಲ್ಲಿ ಐದು ನಿಮಿಷ ಬಿಟ್ಟು, ಕಲ್ಲಿನ ಮೇಲೆ ಅಂಗೈಯಲ್ಲಿ ಒತ್ತಿ ಉರುಳಿಸಿದರೆ ರಸ ಚೆನ್ನಾಗಿ ಬಿಡುತ್ತದೆ. ಕೊನೆಯ ಹನಿವರೆಗೂ ಹಿಂಡಲು ಹೋಗಬೇಡಿ, ಬಿಳಿ ತಿರುಳಿನ ಕಹಿಯೂ ಇಳಿಯುತ್ತದೆ. ಬೆಳಗ್ಗೆಯೇ ಹಿಂಡಿಡುವುದೂ ಬೇಡ. ನಾನು ನಾಲ್ಕು ಗಂಟೆಗೆ ಹಿಂಡಿದೆ, ಜನ ಬಂದದ್ದು ಆರೂವರೆಗೆ. ರಸ 600, ಪಾಕ 600, ಒಂದು ಚಿಟಿಕೆ ಉಪ್ಪು. ಉಪ್ಪು ಅತ್ತೆಯದು, ಬಾರಿನ ಪುಸ್ತಕದಲ್ಲಿಲ್ಲ. ಲೋಟಕ್ಕೆ ಈ ಮಿಶ್ರಣ 40 ಮಿಲಿ.

ಇನ್ನು ಪುದೀನ. ನನ್ನ ಹಳೆಯ ಗಾಯ ಇರುವುದೇ ಇಲ್ಲಿ.

ಬಾರಿನವರ ಭಾಷೆಯಲ್ಲಿ ಸೊಪ್ಪನ್ನು 'ಮಡ್ಲ್' ಮಾಡಬೇಕು. ಯೂಟ್ಯೂಬಿನಲ್ಲಿ ನೋಡಿದರೆ ಒಬ್ಬ ಮರದ ಕೋಲಿನಿಂದ ವೈರಿಯನ್ನು ಬಡಿದಂತೆ ಬಡಿಯುತ್ತಾನೆ, ಇನ್ನೊಬ್ಬ ಮಗುವಿನ ಬೆನ್ನು ತಟ್ಟಿದಂತೆ ತಟ್ಟುತ್ತಾನೆ. ಎಷ್ಟು ಅದುಮಬೇಕು? ನಮ್ಮಲ್ಲಿ ಇದಕ್ಕೆ ಒಂದಲ್ಲ, ನಾಲ್ಕು ಮಾತಿವೆ. ಚಟ್ನಿಗೆ ಅರೆಯುತ್ತೇವೆ, ಮಸಾಲೆ ಕುಟ್ಟುತ್ತೇವೆ, ಬೆಳ್ಳುಳ್ಳಿ ಜಜ್ಜುತ್ತೇವೆ, ಮಜ್ಜಿಗೆಗೆ ಕರಿಬೇವು ಕಿವುಚುತ್ತೇವೆ. ಪುದೀನಕ್ಕೆ ಬೇಕಾದ್ದು ನಾಲ್ಕನೆಯದು. ನಾನು ಕುಟ್ಟಾಣಿ ತೆಗೆದದ್ದನ್ನು ಕಂಡು ಅತ್ತೆ, "ಅಯ್ಯೋ, ಅದನ್ಯಾಕೆ ಕೊಲ್ತೀಯ, ಕೈಯಲ್ಲಿ ಕಿವುಚಿ ಹಾಕು ಸಾಕು" ಅಂದಾಗಲೇ ನನಗೆ ಬೆಳಕಾದದ್ದು. ಪುದೀನದ ಘಮದ ಎಣ್ಣೆ ಎಲೆಯ ಮೇಲ್ಮೈಯ ಸಣ್ಣ ಗ್ರಂಥಿಗಳಲ್ಲಿರುತ್ತದೆ, ಅವು ಒಡೆಯಲು ಅಂಗೈಯ ಒತ್ತಡವೇ ಸಾಕು. ಎಲೆಯನ್ನೇ ಹರಿದು ನುಣ್ಣಗೆ ಮಾಡಿದರೆ ಒಳಗಿನ ಹಸಿರು, ಒಗರು, ಕಹಿ ಎಲ್ಲವೂ ಲೋಟಕ್ಕೆ. ನನ್ನ ಮಿಕ್ಸಿ ಮಾಡಿದ್ದು ಅದನ್ನೇ.

ಹಾಗಾಗಿ ಲೋಟಕ್ಕೆ ಎಂಟು-ಹತ್ತು ಎಲೆ, ಅಂಗೈಯಲ್ಲಿಟ್ಟು ಒಮ್ಮೆ ಚಪ್ಪಾಳೆ ತಟ್ಟಿ ಒಳಗೆ ಹಾಕುವುದು. ಮೇಲೆ ಮಿಶ್ರಣ ಸುರಿದು ಚಮಚದ ಹಿಂಬದಿಯಿಂದ ಮೂರು ಬಾರಿ ಒತ್ತುವುದು. ಮೂರೇ. ಮಾರುಕಟ್ಟೆಯಿಂದ ತಂದ ಕಟ್ಟು ಮಧ್ಯಾಹ್ನದ ಹೊತ್ತಿಗೆ ಜೋಲು ಬಿದ್ದಿತ್ತು. ಬುಡ ಕತ್ತರಿಸಿ ತಣ್ಣೀರಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟೆ, ತಲೆ ಎತ್ತಿತು. ಕಡ್ಡಿಗಳನ್ನು ಒಂದು ಲೋಟ ನೀರಿನಲ್ಲಿ ನಿಲ್ಲಿಸಿ ಕಿಟಕಿಯಲ್ಲಿಟ್ಟೆ.

ಐಸ್ ಬಗ್ಗೆ ಯಾರೂ ಹೇಳಿರಲಿಲ್ಲ, ಪರದಾಡಿ ಕಲಿತೆ. ಫ್ರಿಜ್ಜಿನಲ್ಲಿ ಎರಡು ಟ್ರೇ ಇದ್ದರೆ ಎಂಟು ಲೋಟಕ್ಕೂ ಸಾಲದು. ಮೂರು ದಿನದ ಮೊದಲೇ ಶುರು ಮಾಡಿ, ಗಟ್ಟಿಯಾದದ್ದನ್ನು ಕವರಿಗೆ ತುಂಬುತ್ತ ಹೋದೆ. ಆ ಬೇಸಿಗೆ ನಮ್ಮ ಬೋರ್‌ವೆಲ್ ಬತ್ತಿ ಮನೆಗೆ ಟ್ಯಾಂಕರ್ ನೀರು ಬರುತ್ತಿತ್ತು. ಐಸಿಗೆ ಕ್ಯಾನಿನ ನೀರೇ ಬಳಸಿದೆ. ಹೊರಗಿನ ಐಸ್ ಗೆಡ್ಡೆ ತಂದು ಒಡೆಯುವುದು ಸುಲಭ, ಆದರೆ ಅದು ಯಾವ ನೀರಿನದೋ. ಅರ್ಧ ಐಸನ್ನು ದಪ್ಪ ಪಂಚೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಬಡಿದು ಚೂರು ಮಾಡಿದೆ, ಅರ್ಧ ಹಾಗೇ ಬಿಟ್ಟೆ. ಚೂರು ಬೇಗ ತಂಪು ಮಾಡುತ್ತದೆ, ಬೇಗ ಕರಗಿ ನೀರೂ ಮಾಡುತ್ತದೆ. ಗಟ್ಟಿ ತುಂಡು ಜೊತೆಗಿದ್ದರೆ ಲೋಟ ಹತ್ತು ನಿಮಿಷ ಹೆಚ್ಚು ತಡೆಯುತ್ತದೆ. ಬಿಸಿಲು 38 ಡಿಗ್ರಿಯ ಸಮೀಪ ಇದ್ದ ವಾರವದು, ಸಂಜೆಯಾದರೂ ಟೆರೇಸಿನ ನೆಲ ಕಾಲು ಸುಡುತ್ತಿತ್ತು.

ಸೋಡಾ ಕೊನೆಗೆ. ಚೆನ್ನಾಗಿ ತಣ್ಣಗಾಗಿರಬೇಕು, ಬೆಚ್ಚಗಿನ ಸೋಡಾ ಲೋಟಕ್ಕೆ ಬೀಳುತ್ತಲೇ ಬುಸ್ಸೆಂದು ಗಾಳಿ ಬಿಡುತ್ತದೆ. ಲೋಟ ವಾಲಿಸಿ ಅಂಚಿನಗುಂಟ 90 ಮಿಲಿ, ಚಮಚದಿಂದ ಕೆಳಗಿಂದ ಮೇಲಕ್ಕೆ ಒಮ್ಮೆ ಎತ್ತಿದರೆ ಮುಗಿಯಿತು.

ರಮ್ ಎಲ್ಲಿ? ಮಿಶ್ರಣದ ಜಗ್ಗಿನಲ್ಲಿ ಇಲ್ಲ. ಬಾಟಲಿ ಪಕ್ಕದಲ್ಲಿ, 30 ಮಿಲಿಯ ಅಳತೆ ಲೋಟದೊಡನೆ. ಬೇಕೆಂದವರಿಗೆ ಸೋಡಾಕ್ಕೆ ಮೊದಲು 30 ಮಿಲಿ. ಹೀಗೆ ಹದಿನಾರು ಲೋಟಕ್ಕೆ ಬಂತು. 45ರ ಬದಲು 30 ಎಂದು ಯಾರೂ ಕಂಡುಹಿಡಿಯಲಿಲ್ಲ, ನಿಂಬೆ-ಸಿಹಿ ಸರಿಯಿದ್ದರೆ ರಮ್ಮಿನ ಕೊರತೆ ನಾಲಿಗೆಗೆ ತಿಳಿಯುವುದಿಲ್ಲ. ಗಾಡಿ ಓಡಿಸಬೇಕಾದ ಇಬ್ಬರು, ಬಸುರಿಯಾಗಿದ್ದ ಗೆಳತಿ, ದೊಡ್ಡಪ್ಪ, ಮಕ್ಕಳು, ಎಲ್ಲರಿಗೂ ಅದೇ ಜಗ್ಗು.

ಗುರುತಿಗೆಂದು ಒಂದು ಉಪಾಯ ಮಾಡಿದ್ದೆ: ರಮ್ ಇದ್ದದ್ದಕ್ಕೆ ಅಂಚಿನಲ್ಲಿ ನಿಂಬೆ ಬಿಲ್ಲೆ, ಇಲ್ಲದ್ದಕ್ಕೆ ಪುದೀನದ ಕುಡಿ. ಹತ್ತೇ ನಿಮಿಷದಲ್ಲಿ ಉಪಾಯ ಕೆಟ್ಟಿತು. ಜನ ಕುಡಿಯನ್ನು ಕಿತ್ತು ಅಗಿದರು, ಬಿಲ್ಲೆಯನ್ನು ಒಳಗೆ ಹಿಂಡಿಕೊಂಡರು. ಮೇಜಿನ ಮೇಲಿಟ್ಟ ಲೋಟಗಳಲ್ಲಿ ಯಾವುದು ಯಾವುದೆಂದು ಯಾರಿಗೂ ತಿಳಿಯದು. ಆರು ವರ್ಷದ ಹುಡುಗ ಒಂದಕ್ಕೆ ಕೈ ಚಾಚಿದ್ದನ್ನು ನೋಡಿ ನನ್ನ ಎದೆ ಧಸಕ್ಕೆಂದಿತು. ಅದನ್ನು ಕಸಿದು ಎಲ್ಲ ಲೋಟ ಒಳಗೆ ಒಯ್ದು ಚೆಲ್ಲಿದೆ. ಅಂದಿನಿಂದ ರಮ್ ಇಲ್ಲದ್ದೆಲ್ಲ ಸ್ಟೀಲ್ ಲೋಟದಲ್ಲಿ, ರಮ್ ಇದ್ದದ್ದು ಗಾಜಿನಲ್ಲಿ. ಸ್ಟೀಲ್ ಲೋಟದ ಹೊರಮೈಯಲ್ಲಿ ಹನಿ ಕೂರುವ ಚೆಂದವೇ ಬೇರೆ, ಗಾಜಿನವರು ಅಸೂಯೆಯಿಂದ ನೋಡುತ್ತಾರೆ.

ಸಂಜೆಯ ಗೆಲುವು ಮಾತ್ರ ನನ್ನದಲ್ಲ. ಪುತ್ತೂರಿನ ಗೆಳೆಯನೊಬ್ಬ ಒಣ ಪುನರ್ಪುಳಿ (ಕೋಕಂ) ಸಿಪ್ಪೆ ತಂದಿದ್ದ. ಎರಡು ಹಿಡಿ ಸಿಪ್ಪೆಯನ್ನು ಅರ್ಧ ಲೀಟರ್ ಬಿಸಿನೀರಲ್ಲಿ ಒಂದು ಗಂಟೆ ನೆನೆಸಿ, ಕಿವುಚಿ, ಸೋಸಿದೆವು. ಆ ರಸ 30 ಮಿಲಿ, ಪಾಕ 25, ನಿಂಬೆ ನಾಲ್ಕು ಹನಿ, ಹುರಿದ ಜೀರಿಗೆ ಪುಡಿ ಚಿಟಿಕೆ, ಪುದೀನ, ಐಸ್, ಸೋಡಾ. ಕಡುಕೆಂಪು ಬಣ್ಣ ತಳದಿಂದ ಮೇಲೇರುತ್ತಿತ್ತು. ನಿಂಬೆಯ ಹುಳಿ ಚುರುಕ್ಕೆಂದು ಹೊಡೆದು ಹೋಗುತ್ತದೆ, ಪುನರ್ಪುಳಿಯದು ಬಾಯಲ್ಲಿ ನಿಲ್ಲುತ್ತದೆ. ಇದಕ್ಕೆ ಮೊಹಿಟೊ ಎನ್ನಬಹುದೇ ಎಂದು ಒಬ್ಬರು ತಕರಾರು ತೆಗೆದರು. ಅವರೇ ಮೂರು ಲೋಟ ಕುಡಿದರು.

ಒಂಬತ್ತು ಗಂಟೆಗೆ ರಮ್ ಮುಗಿಯಿತು. ಜಗ್ಗಿನಲ್ಲಿ ಇನ್ನೂ ಕಾಲು ಭಾಗ ಇತ್ತು. ಯಾರೂ ಏಳಲಿಲ್ಲ. ಮಸಿ ಹಾಕಿದ ಬೆರಳುಗಳಲ್ಲಿ ಸ್ಟೀಲ್ ಲೋಟ ಹಿಡಿದು ಕ್ಷೇತ್ರವಾರು ಲೆಕ್ಕ ಹಾಕುತ್ತ ಕೂತರು. ಆಮೇಲೆ ಫಲಿತಾಂಶ ಬಂದಾಗ ಅವರ ಲೆಕ್ಕವೆಲ್ಲ ತಲೆಕೆಳಗಾಗಿತ್ತು, ಬಿಡಿ.

ಕಿಟಕಿಯಲ್ಲಿ ನಿಲ್ಲಿಸಿದ್ದ ಕಡ್ಡಿಗಳನ್ನು ನಾನು ಮರೆತೇಬಿಟ್ಟಿದ್ದೆ. ಹತ್ತು ದಿನ ಕಳೆದು ನೋಡಿದರೆ ಬಿಳಿ ಬೇರು ಇಳಿದಿದ್ದವು. ಅತ್ತೆ ಅವನ್ನು ಹಳೆಯ ಬಕೆಟ್ಟಿಗೆ ನೆಟ್ಟರು, ಈಗ ಅಂಚು ಮೀರಿ ಹಬ್ಬಿದೆ. ವಾರಕ್ಕೊಮ್ಮೆ ಹಿಡಿತುಂಬ ಕಿತ್ತು ಮಿಕ್ಸಿಗೆ ಹಾಕಿ ನುಣ್ಣಗೆ ಅರೆಯುತ್ತಾರೆ, ಕಾಯಿ ಹಾಕಿ.