ನೀರಿಗೆ ಹೆದರುವ ನೀರುನಾಯಿ ಮರಿ

ಐದರಿಂದ ಏಳು ವರ್ಷದ ಮಕ್ಕಳಿಗೆ ಪ್ರಾಣಿಕಥೆ ಬರೆಯುವಾಗ ನಾನು ಮೊದಲು ಹೆದರಿಕೆ ಯಾವುದು ಎಂದು ಗೊತ್ತುಮಾಡಿಕೊಳ್ಳುತ್ತೇನೆ, ಪ್ರಾಣಿ ಆಮೇಲೆ. ಕತ್ತಲು, ದೊಡ್ಡ ಸದ್ದು, ನೀರು, ಹೊಸಬರ ಎದುರು ಬಾಯಿ ಬಿಡುವುದು, ಅಮ್ಮ ಕಣ್ಣಿಗೆ ಕಾಣದೆ ಹೋಗುವುದು. ಈ ವಯಸ್ಸಿನ ಹೆದರಿಕೆಗಳು ಬಹುಮಟ್ಟಿಗೆ ಇಷ್ಟರಲ್ಲೇ ಬಂದುಬಿಡುತ್ತವೆ. ಒಂದು ಕಥೆಗೆ ಒಂದೇ ಸಾಕು. ‘ಮೊಲಕ್ಕೆ ಎಲ್ಲಕ್ಕೂ ಹೆದರಿಕೆ’ ಎಂದು ಶುರುವಾದ ಕಥೆ ಹದಿನಾರು ಪುಟದಲ್ಲಿ ದಡ ಸೇರುವುದಿಲ್ಲ, ಯಾವ ಹೆದರಿಕೆ ಎಲ್ಲಿ ಸಡಿಲವಾಯಿತು ಎಂದು ಮಗುವಿಗೆ ತಿಳಿಯುವುದೂ ಇಲ್ಲ.

ಪ್ರಾಣಿಯ ಆಯ್ಕೆಗೆ ನನ್ನದೊಂದು ಕಟ್ಟುನಿಟ್ಟು ಇದೆ. ಆ ಹೆದರಿಕೆ ಆ ಪ್ರಾಣಿಯ ನಿಜವಾದ ಬದುಕಿನಲ್ಲೇ ಇರಬೇಕು. ನೀರಿನ ಹೆದರಿಕೆಗೆ ನಾನು ಆರಿಸಿಕೊಂಡದ್ದು ತುಂಗಭದ್ರೆಯ ನೀರುನಾಯಿಯನ್ನು. ಹೊಳೆಯಲ್ಲೇ ಬಾಳುವ ಪ್ರಾಣಿಯಾದರೂ ಅದರ ಮರಿಗೆ ಹುಟ್ಟುತ್ತಲೇ ಈಜು ಬರುವುದಿಲ್ಲ. ದಡದ ಬಿಲದಲ್ಲಿ ಹುಟ್ಟಿ, ಆಮೇಲೆ ದೊಡ್ಡವುಗಳ ಜೊತೆ ನೀರಿಗಿಳಿದು ಕಲಿಯಬೇಕು. ಕಂಪ್ಲಿಯವರೆಗಿನ ಹೊಳೆಯ ಒಂದು ಭಾಗವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಸಾರಿದ್ದಾರೆ. ಬಂಡೆ, ಮರಳು, ಹರಿಗೋಲು ಎಲ್ಲ ಅಲ್ಲೇ ಇವೆ, ಚಿತ್ರ ಬರೆಯುವವರು ಬೇರೆಲ್ಲೂ ಹುಡುಕಬೇಕಾಗಿಲ್ಲ. ಕಾಡುಪಾಪ, ಗೂಬೆಗಳನ್ನು ತರುವಾಗ ಮಾತ್ರ ಎರಡು ಸಲ ಯೋಚಿಸುತ್ತೇನೆ. ಅಪಶಕುನ ಎಂದು ಜನ ಆ ಪ್ರಾಣಿಗಳಿಗೆ ಈಗಾಗಲೇ ಸಾಕಷ್ಟು ಹಿಂಸೆ ಕೊಟ್ಟಿದ್ದಾರೆ. ಕಥೆಯಲ್ಲಿ ಅವು ಹೆದರುವವರಾಗಿ ಬರಬಹುದು, ಹೆದರಿಸುವವರಾಗಿ ಬರಬಾರದು.

ಬರವಣಿಗೆಗೆ ಕೂರುವ ಮುಂಚೆ ಹೆದರಿಕೆಯ ಮಾತುಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳುತ್ತೇನೆ. ಅಳುಕು, ಅಂಜಿಕೆ, ದಿಗಿಲು, ಗಾಬರಿ, ಪುಕ್ಕಲು. ಇವು ಒಂದಕ್ಕೊಂದು ಬದಲಿಯಲ್ಲ. ನೀರಿನ ಅಂಚಿನಲ್ಲಿ ನಿಂತು ಹಿಂದೆ ಮುಂದೆ ನೋಡುವುದು ಅಳುಕು. ಸದ್ದಿಗೆ ಬೆಚ್ಚಿ ಓಡುವುದು ದಿಗಿಲು. ‘ಪುಕ್ಕಲು’ ಎನ್ನುವುದು ಹೆದರಿದವರ ಮಾತೇ ಅಲ್ಲ, ಪಕ್ಕದಲ್ಲಿ ನಿಂತವರು ಅಂಟಿಸುವ ಹೆಸರು. ಇಷ್ಟಾದ ಮೇಲೂ ಕಥೆಯಲ್ಲಿ ‘ಅದಕ್ಕೆ ಹೆದರಿಕೆಯಾಯಿತು’ ಎಂದು ಒಂದೇ ಸಲ ಬರೆಯುತ್ತೇನೆ. ಉಳಿದೆಡೆ ಮೈ ಮಾತಾಡಬೇಕು: ಎದೆ ಢವಢವ, ಮೀಸೆ ಕೂದಲು ನಡುಕ, ಹೊಟ್ಟೆ ಮರಳಿಗೆ ಅಂಟಿಕೊಂಡದ್ದು. ಮಗು ತನ್ನ ಮೈಯಲ್ಲಿ ಆದದ್ದನ್ನು ಗುರುತು ಹಿಡಿಯುವುದು ಇಂಥ ಸಾಲಿನಲ್ಲಿ.

ಹೆದರಿಕೆ ಸಡಿಲವಾಗುವ ಬಗೆಯನ್ನು ನಾನು ಹಳೆಯ ಕಥೆಗಳಿಂದಲೇ ಕಲಿತೆ. ಪಂಚತಂತ್ರದ ನರಿ ಯುದ್ಧ ನಡೆದ ಬಯಲಿನಲ್ಲಿ ಭಾರಿ ಸದ್ದು ಕೇಳಿ ಓಡಿಹೋಗಲು ಹೊರಟು, ನಿಂತು, ಮೆಲ್ಲಗೆ ಹತ್ತಿರ ಹೋಗಿ ನೋಡುತ್ತದೆ. ಗಾಳಿಗೆ ಕೊಂಬೆ ಬಡಿದು ಸದ್ದು ಮಾಡುತ್ತಿರುವ ನಗಾರಿ ಅದು. ಜಾತಕ ಕಥೆಯ ಮೊಲ ಬಿಲ್ವದ ಹಣ್ಣು ಬಿದ್ದ ಸದ್ದಿಗೆ ಭೂಮಿಯೇ ಬಿರಿಯಿತು ಎಂದು ಕಾಡಿನ ಪ್ರಾಣಿಗಳನ್ನೆಲ್ಲ ಓಡಿಸುತ್ತದೆ. ಸಿಂಹ ಮೊಲವನ್ನು ಹೊತ್ತುಕೊಂಡು ಅದೇ ಜಾಗಕ್ಕೆ ಮರಳಿ ಹೋಗಿ ನೋಡುತ್ತದೆ. ಎರಡರಲ್ಲೂ ಕೆಲಸ ಮಾಡಿದ್ದು ಹತ್ತಿರ ಹೋಗಿ ನೋಡಿದ್ದು. ಆಮೆ ಅಜ್ಜ ಕರೆದು ಕೂರಿಸಿ ‘ಹೆದರಬಾರದು ಮಗು’ ಎಂದು ಅರ್ಧ ಪುಟ ಹೇಳಿದ ತಕ್ಷಣ ಮರಿ ಎದ್ದು ಜಿಗಿಯುವ ಕಥೆಗಳು ಬಿದ್ದುಹೋಗುವುದು ಇಲ್ಲಿಯೇ. ಆ ಅರ್ಧ ಪುಟ ಬಂದಾಗ ಮಕ್ಕಳ ಕಣ್ಣು ಕಿಟಕಿಯ ಕಡೆ ಹೋಗುತ್ತದೆ.

ಈಗ ಪುಟದ ಲೆಕ್ಕ. ಒಂದು ಫಾರಮ್ಮಿಗೆ, ಅಂದರೆ ಅಚ್ಚು ಹಾಕಿ ಮಡಚುವ ಒಂದು ದೊಡ್ಡ ಹಾಳೆಗೆ, 16 ಪುಟ. ಹೆಸರಿನ ಪುಟಕ್ಕೆ ಒಂದು, ಮುದ್ರಣದ ವಿವರಕ್ಕೆ ಒಂದು ಹೋದರೆ ಕಥೆಗೆ ಉಳಿಯುವುದು 14. ಪುಟಕ್ಕೆ ಸರಾಸರಿ 25 ಪದ, ಒಟ್ಟು 350ಕ್ಕೆ ನಿಲ್ಲಿಸುತ್ತೇನೆ. ವಾಕ್ಯಕ್ಕೆ ಐದಾರು ಪದ. ಮಧ್ಯೆ ಮಧ್ಯೆ ಮರಳಿ ಬರುವ ಒಂದು ಸಾಲು ಇರಬೇಕು, ಮರಳಿ ಬಂದಾಗಲೆಲ್ಲ ಸ್ವಲ್ಪ ಬದಲಾಗಬೇಕು. ನೀರುನಾಯಿ ಮರಿಗೆ ಕಟ್ಟಿದ್ದು ಇದು:

ಬಾಲದ ತುದಿ ನೀರಲ್ಲಿ, ನಾಲ್ಕು ಕಾಲು ಮರಳಲ್ಲಿ.
ಎರಡು ಕಾಲು ನೀರಲ್ಲಿ, ಎರಡು ಕಾಲು ಮರಳಲ್ಲಿ.
ನಾಲ್ಕು ಕಾಲೂ ನೀರಲ್ಲಿ, ಮರಳಲ್ಲಿ ಬರೀ ಹೆಜ್ಜೆ.

ಎರಡನೇ ಸಲ ಬರುವಷ್ಟರಲ್ಲಿ ಮಕ್ಕಳು ಲೆಕ್ಕ ಹಾಕಿ ತಾವೇ ಹೇಳತೊಡಗುತ್ತಾರೆ. ಅಣ್ಣ ಅಕ್ಕಂದಿರು ತಲೆ ಮುಂದೆ ಮಾಡಿ ಧುಮುಕಿದರೆ ಈ ಮರಿ ಹೊಳೆಗೆ ಬೆನ್ನು ಹಾಕಿ, ಅಮ್ಮನ ಮುಖ ನೋಡುತ್ತಾ, ಬಾಲದಿಂದ ಇಳಿಯುತ್ತದೆ. ಅದು ಅದರ ರೀತಿ.

ಮೊದಲ ಸಾಲು 6ನೇ ಪುಟದಲ್ಲಿ. 7ನೇ ಪುಟ ಬಲಗಡೆ ಬರುವುದರಿಂದ ಅಲ್ಲಿ ಬರೀ ಸದ್ದು: ‘ದುಡುಂ!’ ಹಾಳೆ ತಿರುಗಿಸಿದರೆ 8ರಲ್ಲಿ ಕಾಣುವುದು ನೀರಿಂದ ಮೇಲೆ ಹಾರಿ ಬಿದ್ದ ಒಂದು ಮೀನು, ದೂರದಲ್ಲಿ ಬಂಡೆಯ ಹಿಂದೆ ಅಡಗಿದ ಮರಿ. ಸದ್ದು ಎಡಪುಟಕ್ಕೆ ಬಿದ್ದರೆ ಮೀನು ಪಕ್ಕದಲ್ಲೇ ಕಂಡುಬಿಡುತ್ತದೆ, ಹೆದರುವುದಕ್ಕೆ ಪುರುಸೊತ್ತೇ ಇರುವುದಿಲ್ಲ. ಸದ್ದಿನ ಪದವನ್ನೂ ತೂಗಿ ಇಡಬೇಕು. ‘ಗುಳುಂ’ ಎಂದು ಬರೆದರೆ ಯಾರನ್ನೋ ನುಂಗಿದ ಹಾಗೆ ಕೇಳಿಸುತ್ತದೆ. ಹೀಗೆ ಮರಿ ಒಮ್ಮೆ ಹಿಂದೆ ಓಡಲೇಬೇಕು. ಏರುತ್ತಲೇ ಹೋಗುವ ಮೆಟ್ಟಿಲನ್ನು ಮಕ್ಕಳು ನಂಬುವುದಿಲ್ಲ. 9ರಲ್ಲಿ ಅಮ್ಮನದು ಒಂದೇ ಮಾತು: ‘ನಾನು ಇಲ್ಲೇ ಇದ್ದೀನಿ.’ 10, 11ರಲ್ಲಿ ಎರಡನೇ ಸಾಲು, 12, 13ರಲ್ಲಿ ಮೂರನೆಯದು. 14, 15 ಎದುರುಬದುರು ಪುಟ, ಅಕ್ಷರವೇ ಬೇಡ. ಹಸಿರು ನೀರೊಳಗೆ ಮರಿಯ ಮೂಗಿನಿಂದ ಮೇಲೇಳುವ ಗುಳ್ಳೆಗಳು ಸಾಕು.

ಅಣಕಿಸುವ ಭಾಗ ಒಂದೇ ಸಾಲು ಮೀರಬಾರದು, ಅದಕ್ಕೆ ಪ್ರಾಸವಂತೂ ಇರಲೇಬಾರದು. ‘ಪುಕ್ಕಲ ಪುಟ್ಟಿ’ ಎಂದು ಬರೆದರೆ ಕಥೆ ಮರೆತುಹೋಗುತ್ತದೆ, ಆ ಹೆಸರು ಮಾತ್ರ ತರಗತಿಯ ಯಾವುದೋ ಮಗುವಿಗೆ ವರ್ಷಪೂರ್ತಿ ಅಂಟಿಕೊಳ್ಳುತ್ತದೆ. ಬರೆಯುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

‘ನೀನು ನೀನಾಗಿರು’ ಎನ್ನುವ ಕಥೆಗಳು ಜಾರುವ ಜಾಗ ಇನ್ನೊಂದು. ಎಲ್ಲರೂ ನಕ್ಕ ವಿಚಿತ್ರ ಗುಣವೇ ಕೊನೆಗೆ ಎಲ್ಲರ ಪ್ರಾಣ ಉಳಿಸುತ್ತದೆ, ಆಗ ಜಯಕಾರ. ಹಿಂದುಹಿಂದಾಗಿ ಇಳಿಯುವ ಮರಿಗೆ ದಡದ ಮೇಲಿನ ಮೊಸಳೆ ಮೊದಲು ಕಂಡಿತು ಎಂದು ಬರೆಯುವುದು ತುಂಬ ಸುಲಭ. ನಾನು ಅದನ್ನು ಹೊಡೆದುಹಾಕುತ್ತೇನೆ. ಉಪಕಾರಕ್ಕೆ ಬಂದರೆ ಮಾತ್ರ ಸೇರಿಸಿಕೊಳ್ಳುತ್ತಾರೆ ಎಂದು ಕೇಳಿಸಿಕೊಂಡ ಮಗು, ಉಪಕಾರಕ್ಕೆ ಬಾರದ ತನ್ನ ಗುಣವನ್ನು ಬಚ್ಚಿಡತೊಡಗುತ್ತದೆ. ಈ ಮರಿ ಬಾಲದಿಂದ ಇಳಿಯುವುದು ಯಾವ ಲಾಭಕ್ಕೂ ಅಲ್ಲ, ಅಮ್ಮ ತಿದ್ದುವುದೂ ಇಲ್ಲ.

ಅಪಾಯದ ಹೆದರಿಕೆಯನ್ನು ಮಾತ್ರ ಕಳೆಯಬಾರದು. ಹೊಳೆದಂಡೆಯ ಊರಿನ ಮಗುವೂ ಇದನ್ನು ಓದುತ್ತದೆ. ಆದ್ದರಿಂದ ಮರಿ ನೀರಿನಲ್ಲಿರುವ ಪ್ರತಿ ಚಿತ್ರದಲ್ಲೂ ದೊಡ್ಡ ನೀರುನಾಯಿಯೊಂದು ಕೈಗೆಟುಕುವ ದೂರದಲ್ಲಿರಬೇಕು ಎಂದು ಚಿತ್ರಕಾರರಿಗೆ ಬರೆದೇ ಕೊಡುತ್ತೇನೆ. ಹಾವಿನ ಜೊತೆ, ಚಿರತೆಯ ಜೊತೆ ಗೆಳೆತನ ಮಾಡಿಸುವ ಮುಗಿತಾಯವನ್ನು ಬರೆಯುವುದಿಲ್ಲ.

ಭಾಷೆಯಲ್ಲಿ ಎರಡು ತೊಡಕುಗಳಿವೆ. ಪ್ರಾಣಿ ‘ಅದು’ ಆಗಬೇಕೋ ‘ಅವಳು’ ಆಗಬೇಕೋ ಎಂದು ಮೊದಲ ವಾಕ್ಯದಲ್ಲೇ ತೀರ್ಮಾನಿಸಬೇಕು. 3ನೇ ಪುಟದಲ್ಲಿ ‘ಇಳಿಯಿತು’, 10ರಲ್ಲಿ ‘ಇಳಿದಳು’ ಎಂದಾದರೆ ಮಕ್ಕಳು ಹೊಸ ಪಾತ್ರ ಬಂತು ಅಂದುಕೊಳ್ಳುತ್ತಾರೆ. ಕಾಗಕ್ಕ ಗುಬ್ಬಕ್ಕ ಎಂದು ಹೆಸರಿನಲ್ಲೇ ನಂಟಸ್ತನ ಇದ್ದರೆ ‘ಅವಳು’ ಒಗ್ಗುತ್ತದೆ. ಇಲ್ಲಿ ನಾನು ‘ಅದು’ ಇಟ್ಟು, ಅಮ್ಮನ ಬಾಯಲ್ಲಿ ‘ಪುಟ್ಟಾ’ ಅನ್ನಿಸಿದೆ. ಇನ್ನೊಂದು ಒತ್ತಕ್ಷರ. ಅಮ್ಮ, ಹಕ್ಕಿ, ಬೆಳ್ಳಿಯಂಥ ಸಜಾತಿ ಒತ್ತು ಒಂದನೇ ತರಗತಿ ದಾಟಿದವರಿಗೆ ಸಲೀಸು. ವಿಜಾತಿ ಒತ್ತು ಪುಟಕ್ಕೆ ಎರಡಕ್ಕಿಂತ ಹೆಚ್ಚಾದರೆ ಓದು ಎಡವುತ್ತದೆ, ಎಡವಿದಲ್ಲಿ ಕಥೆಯ ಬಿಗಿ ಬಿಟ್ಟುಹೋಗುತ್ತದೆ. ‘ಧೈರ್ಯ’ ಎಂಬ ಪದ ನನ್ನ ಕಥೆಯಲ್ಲಿ ಎಲ್ಲೂ ಇಲ್ಲ. ಅರ್ಕಾವತ್ತಿನ ತೊಂದರೆಗಿಂತ ಹೆಚ್ಚಾಗಿ, ಆ ಪದ ಬಂದ ಕಡೆ ಕಥೆ ಪಾಠವಾಗಿಬಿಡುತ್ತದೆ.

ಮುದ್ರಣಕ್ಕೆ ಕೊಡುವ ಮುಂಚೆ ಎಂಟು ಹತ್ತು ಮಕ್ಕಳಿಗೆ ಗಟ್ಟಿಯಾಗಿ ಓದಬೇಕು. 350 ಪದಕ್ಕೆ ನಿಲ್ಲಿಸಿ ನಿಲ್ಲಿಸಿ ಓದಿದರೆ ಐದಾರು ನಿಮಿಷ. ಮಿಸುಕಾಟ ಕಂಡ ಸಾಲಿನ ಪಕ್ಕ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಡುತ್ತೇನೆ. ಒಂದೇ ಸಾಲಿಗೆ ಮೂರು ಚುಕ್ಕೆ ಬಿದ್ದರೆ ಅದನ್ನು ತೆಗೆಯುತ್ತೇನೆ, ಎಷ್ಟೇ ಚೆಂದವಾಗಿದ್ದರೂ. ‘ನಿಮಗೇನು ಅರ್ಥವಾಯಿತು’ ಎಂದು ಕೇಳುವುದಿಲ್ಲ, ಪುಸ್ತಕ ಮುಚ್ಚಿ ಸುಮ್ಮನೆ ಕೂರುತ್ತೇನೆ. ಆಗ ಮಕ್ಕಳು ತಮ್ಮ ತಮ್ಮ ಹೆದರಿಕೆಯನ್ನು ತಾವೇ ಹೇಳಿಕೊಳ್ಳುತ್ತಾರೆ.

16ನೇ ಪುಟದಲ್ಲಿ ಮಾರನೆಯ ಬೆಳಗು. ಮರಿ ಮತ್ತೆ ಅದೇ ಅಂಚಿನಲ್ಲಿದೆ, ಮೀಸೆ ಇವತ್ತೂ ನಡುಗುತ್ತಿದೆ. ಹೊಳೆಗೆ ಬೆನ್ನು ಹಾಕಿದೆ. ಬಾಲದ ತುದಿ ನೀರಲ್ಲಿ, ನಾಲ್ಕು ಕಾಲು ಮರಳಲ್ಲಿ.